ಮೇನ್ ಸ್ವಿಚ್ಚಿನ ಪಕ್ಕ

ನನ್ನ ಗಂಡ ಸತ್ತದ್ದು ವಂಡ್ಸೆಯ ಒಂದು ಮದುವೆ ಮನೆಯಲ್ಲಿ. ಚಪ್ಪರದ ಹೊರಗೆ ಲೈಟು ಕಟ್ಟಿದ ಕಬ್ಬಿಣದ ಕಂಬಕ್ಕೆ ಕರೆಂಟು ಹರಿದಿತ್ತು, ನೆಲ ಒದ್ದೆಯಾಗಿತ್ತು, ಅವರು ಕಂಬ ಹಿಡಿದರು. ನನಗೆ ಗೊತ್ತಿರುವುದು ಇಷ್ಟೇ. ಹೆಚ್ಚು ಕೇಳುವ ಧೈರ್ಯ ಇವತ್ತಿಗೂ ಆಗಿಲ್ಲ. ಮದುವೆ, ನಾಮಕರಣ, ಯಕ್ಷಗಾನ ಎಂದು ಊರೂರಿಗೆ ಮೈಕು, ಲೈಟು ಹಾಕುತ್ತಿದ್ದ ಮನುಷ್ಯ.

ವರ್ಷಾಂತಿಕ ಕಳೆದ ಮೇಲೆ ಮಗಳು ಅದೇ ಕೆಲಸಕ್ಕೆ ಇಳಿದಳು. ಎಲೆಕ್ಟ್ರಿಕಲ್ ಡಿಪ್ಲೊಮಾ ಓದಿದವಳು. ಚಪ್ಪರದ ಕೆಲಸ ಬೇಡ, ಹೋಟೆಲುಗಳಿಗೆ ಕಾಯಂ ಆಗಿ ಸೌಂಡು, ಲೈಟು, ಟಿ.ವಿ. ಹಾಕಿಕೊಡುತ್ತೇನೆ ಎಂದಳು. ಬೇಡವೆಂದು ಅತ್ತು ನೋಡಿದೆ, ಕೇಳಲಿಲ್ಲ. ಹಾಗಾದರೆ ನಾನೂ ಬರುತ್ತೇನೆ ಎಂದೆ. ಹೋಗಿ ಮಾಡುವುದೇನೂ ಇರಲಿಲ್ಲ. ಅವಳು ಏಣಿ ಹತ್ತಿದರೆ ಏಣಿಯ ಕಾಲು ಹಿಡಿದು ನಿಲ್ಲುತ್ತಿದ್ದೆ.

ಮೊದಲ ದೊಡ್ಡ ಕೆಲಸ ಹಂಗಾರಕಟ್ಟೆಯಲ್ಲಿ, ಹೊಳೆಯ ಬದಿಗೆ. ಮುಂಬೈಯಲ್ಲಿ ಹೋಟೆಲು ನಡೆಸಿ ಊರಿಗೆ ಮರಳಿದವರೊಬ್ಬರು ಮೀನೂಟದ ರೆಸ್ಟೋರೆಂಟ್ ಕಟ್ಟಿಸುತ್ತಿದ್ದರು. ಮಗಳು ಖಾಲಿ ಹಾಲಿನ ನಡುವೆ ನಿಂತು ಜೋರಾಗಿ ಚಪ್ಪಾಳೆ ತಟ್ಟಿದಳು. ಶಬ್ದ ಗಾಜಿಗೆ ಬಡಿದು ತಿರುಗಿ ಬಂತು.

"ಹ್ವಾಯ್, ಎಂತ ಹುಡ್ಗಿ, ಕಾಗಿ ಓಡ್ಸ್ತ್ಯಾ?" ಎಂದರು ಮಾಲೀಕರು.

"ಇಲ್ಲ ಅಣ್ಣ. ನೀವ್ ಹೇಳ್ದಂಗೆ ಎರ್ಡ್ ದೊಡ್ಡ್ ಬಾಕ್ಸ್ ಇಟ್ರೆ ಉಂಬರಿಗೆ ಪಕ್ಕದರ್ ಮಾತೂ ಕೇಂತಿಲ್ಲೆ. ಸಣ್ಣ್ ಸಣ್ಣ್ ಸ್ಪೀಕರ್ ಸೀಲಿಂಗಿಗ್ ಹಾಕುವ, ಮೆಲ್ಲ ಕೇಂಬಂಗೆ."

"ಲೈಟ್?"

"ಮೇಜಿನ್ ಮೇಲ್ ಹಳ್ದಿ ಬೆಳ್ಕ್. ಬಿಳಿ ಟ್ಯೂಬ್ ಹಾಕ್ರೆ ನಿಮ್ಮ್ ಮೀನ್ ಗಸಿ ನಿನ್ನಿದ್ರಂಗ್ ಕಾಂತ್."

"ಬಾಗ್ಲ್ ತೆಗುಕ್ ಮೊದ್ಲೇ ನನ್ನ್ ಗಸಿಗ್ ಹೆಸ್ರ್ ಇಡ್ತ್ಯಲೆ!" ಎಂದು ಅವರು ನಕ್ಕರು. ಟಿ.ವಿ. ಪರದೆ ಕಿಟಕಿಗೆ ಎದುರಾಗಿ ಬೇಡ, ಹೊಳೆಯ ಬಿಸಿಲು ಬಿದ್ದರೆ ಕ್ರಿಕೆಟ್ ಕಾಣುವುದಿಲ್ಲ ಎಂದು ಮಗಳು ಹೇಳಿದ್ದಕ್ಕೂ ಒಪ್ಪಿದರು.

ನಾನು ನೋಡುತ್ತಿದ್ದದ್ದು ನೀರನ್ನು. ಹೊಳೆಯ ಮೇಲಕ್ಕೆ ಚಾಚಿದ ಹಲಗೆಯ ಅಟ್ಟಣೆ, ಅದಕ್ಕೆ ಸ್ಟೀಲಿನ ರೇಲಿಂಗು. ರೇಲಿಂಗಿನ ಉದ್ದಕ್ಕೂ ದೀಪ ಬೇಕೆಂದು ಅವರ ಆಸೆ. ಮಗಳು ಅಲ್ಲೇ ಮಂಡಿಯೂರಿ ಅಳತೆ ಹಿಡಿಯುತ್ತಿದ್ದಳು. ಹೋಗಿ ಅವಳ ಹಿಂದೆಯೇ ನಿಂತೆ.

ಕೆಲಸ ಮುಗಿಯುವವರೆಗೂ ಬ್ರಹ್ಮಾವರದ ಮನೆಯಿಂದ ಅವಳ ಸ್ಕೂಟರಿನ ಹಿಂದೆ ಕೂತು ಹೋದೆ. ಡ್ರಿಲ್ಲಿನ ಶಬ್ದ ತಟ್ಟನೆ ನಿಂತರೆ ಎದ್ದು ನೋಡುತ್ತಿದ್ದೆ. ಮತ್ತೆ ಶುರುವಾದ ಮೇಲೆಯೇ ಕೂರುತ್ತಿದ್ದೆ.

ಬಾಗಿಲು ತೆರೆಯುವ ದಿನ ಗಣಹೋಮ. ಇಂಥ ಕಡೆ ನಾನು ಮುಂದೆ ನಿಲ್ಲುವುದಿಲ್ಲ. ಯಾರೂ ಹೇಳುವುದಿಲ್ಲ, ನಾನೇ ಹಿಂದೆ ಸರಿಯುತ್ತೇನೆ. ಅಡುಗೆಮನೆಗೆ ಹೋಗುವ ದಾರಿಯಲ್ಲಿ, ಮೇನ್ ಸ್ವಿಚ್ಚಿನ ಪೆಟ್ಟಿಗೆಯ ಪಕ್ಕ ನಿಂತೆ. ಕಿಟಕಿಗಳ ಪರದೆ ಎಳೆದು ಹೊಸ ದೀಪಗಳನ್ನೆಲ್ಲ ಹಚ್ಚಿದ್ದರು. ಟಿ.ವಿ.ಯಲ್ಲಿ ಮುಂಬೈಯ ನೆಂಟರು ವಿಡಿಯೋ ಕಾಲಿಗೆ ಬಂದು ಕೈಮುಗಿದಿದ್ದರು. ಭಟ್ಟರು ಶಾಲಿಗೆ ಸಿಕ್ಕಿಸಿದ ಮೈಕಿನಲ್ಲಿ ಮಂತ್ರ ಹೇಳುತ್ತ, ಕಲಶದ ನೀರನ್ನು ಮಾವಿನೆಲೆಯಿಂದ ಮೂಲೆಮೂಲೆಗೆ ಚಿಮುಕಿಸುತ್ತ ಬಂದರು.

"ಆ ಮಿಷನಿಗೂ ಹಾಕಿ ಭಟ್ರೆ, ಲಾಯ್ಕ್ ಹಾಕಿ," ಎಂದರು ಮಾಲೀಕರು.

ಮಿಷನ್ ಎಂದರೆ ಕೌಂಟರಿನ ಕೆಳಗಿದ್ದ ಆಂಪ್ಲಿಫೈಯರ್. ಮಗಳು ಅದರ ಹಿಂದೆ ಕೈ ಹಾಕಿ ಏನೋ ಸರಿಮಾಡುತ್ತಿದ್ದಳು. ಭಟ್ಟರು ಎಲೆ ಬಿಟ್ಟು ಕಲಶವನ್ನೇ ಬಗ್ಗಿಸಿದರು.

ನಾನು ಮೇನ್ ಎಳೆದುಬಿಟ್ಟೆ.

ಹಾಲು ಕತ್ತಲಾಯಿತು, ದೇವರ ಮುಂದಿನ ಎಣ್ಣೆ ದೀಪವೊಂದೇ ಉಳಿಯಿತು. ಸ್ಪೀಕರುಗಳಲ್ಲಿ ಮಂತ್ರ ಅರ್ಧಕ್ಕೆ ನಿಂತಿತು, ಮುಂಬೈಯ ನೆಂಟರು ಮಾಯವಾದರು.

"ಹ್ವಾಯ್, ಕರೆಂಟ್ ತೆಗ್ದದ್ ಯಾರ್?" ಮಾಲೀಕರ ದನಿ.

"ಒಳ್ಳೆ ಗಳಿಗ್ಯಂಗೆ... ಅದೂ ಅವ್ರ್..." ಎಂದ ಒಬ್ಬ ಹೆಂಗಸು ಅಲ್ಲಿಗೇ ನಿಲ್ಲಿಸಿದಳು. ಹೇಳದೆ ಬಿಟ್ಟದ್ದೂ ನನಗೆ ಕೇಳಿತು. ಆದರೆ ನಾನು ಕಿವಿಗೊಟ್ಟದ್ದು ಮಗಳ ದನಿಗೆ.

"ಅಮ್ಮ?" ಎಂದಳು ಕೌಂಟರಿನ ಹಿಂದಿನಿಂದ. ನಾನು ಅಲ್ಲೇ ಕೂತೆ.

"ಎಣ್ಣಿ ದೀಪ ಉರಿತಾ ಇತ್ತಲೆ, ದೇವ್ರಿಗ್ ಅಷ್ಟ್ ಸಾಕ್. ಹಾಕಿ ಕರೆಂಟ್," ಎಂದು ಭಟ್ಟರೇ ಮಾತು ಮುಗಿಸಿದರು.

ಊಟವಾದ ಮೇಲೆ ಮಗಳು ನನ್ನನ್ನು ಪೆಟ್ಟಿಗೆಯ ಮುಂದೆ ನಿಲ್ಲಿಸಿದಳು. "ಈ ಸಣ್ಣ್ ಗುಂಡಿ ಒತ್ತ್."

ಒತ್ತಿದೆ. ಟಕ್ಕೆಂದಿತು. ಅಟ್ಟಣೆಯ ದೀಪಗಳೆಲ್ಲ ಆರಿದವು.

"ಕರೆಂಟ್ ಮೈಗ್ ಹರುಕ್ ಶುರು ಆರೆ ಇದ್ ತನ್ನಷ್ಟಕ್ ಕಟ್ ಆತ್. ಅಪ್ಪಯ್ಯ ಹ್ವಾದ್ ಮೇಲ್ ಇದಿಲ್ದೆ ನಾನ್ ಒಂದ್ ಬಲ್ಬೂ ಹಾಕ್ಲಿಲ್ಲ. ನಿಂಗ್ ಒಬ್ಳಿಗೇ ಹೆದ್ರಿಕಿ ಅಂದ್ ಮಾಡ್ದ್ಯಾ? ನಂಗ್ ಇಲ್ಯಾ?"

ಅವಳಿಗೂ ಹೆದರಿಕೆ ಇದ್ದೀತೆಂದು ನಾನು ಯೋಚಿಸಿಯೇ ಇರಲಿಲ್ಲ. ಅಪ್ಪ ಹೋದರೂ ಹೆದರದ ಹುಡುಗಿ ಎಂದುಕೊಂಡು ಒಳಗೊಳಗೇ ಸಿಟ್ಟಾಗಿದ್ದೆ.

"ಇನ್ ನೀ ಬಪ್ಪುದ್ ಬ್ಯಾಡ," ಎಂದಳು. "ನೀ ಕೆಳ್ಗ್ ಹಾಂಗ್ ಕಾಂತಾ ನಿತ್ರೆ ನನ್ನ್ ಕೈ ನಡುಗತ್ತ್. ಕೈ ನಡುಗ್ರೆ ಈ ಪೆಟ್ಟಿಗಿ ಎಂತ ಮಾಡತ್ತ್?"

ಈಗ ಬೈಂದೂರಿನ ಹತ್ತಿರ ಯಡ್ತರೆಯಲ್ಲಿ ಕೆಲಸ, ಹೊಸ ಹೋಟೆಲಿನ ಮಹಡಿ. ಬೆಳಿಗ್ಗೆ ಒಬ್ಬಳೇ ಹೋದಳು. ಸ್ಕೂಟರು ಮರೆಯಾಗುವವರೆಗೆ ಗೇಟು ಹಿಡಿದು ನಿಂತಿದ್ದೆ. ಈಗ ಮೋಡ ಕಟ್ಟಿದೆ, ಗಾಳಿ ಎದ್ದಿದೆ. ಅಲ್ಲಿ ಮಳೆ ಬಂತೋ ಏನೋ. ಫೋನು ನನ್ನ ಮುಂದೆಯೇ ಇದೆ. ಮಾಡುವ ಹಾಗಿಲ್ಲ. ಈಗ ಏಣಿಯ ಮೇಲಿದ್ದರೆ, ನನ್ನ ಕರೆಗೆಂದು ಒಂದು ಕೈ ಬಿಡುತ್ತಾಳೆ.