ಅಮ್ಮನ ಬಲಗೈ ಮತ್ತು ತಿಂಗಳ ಯೋಗ

ಸೂತಕ ಬಂತು ಅಂತ ಅಮ್ಮನನ್ನು ಯೋಗದ ಶಿಬಿರದಿಂದ ಹೊರಗಿಟ್ಟರು, ಮಗಳು ಹೋಗಿ ಜಗಳ ಮಾಡಿದಳು, ಆಮೇಲೆ ಆ ತಾಯಿ ನಾಚಿಕೆಯಿಂದ ಮತ್ತೆ ಅತ್ತ ತಲೆ ಹಾಕಲಿಲ್ಲ. ಅರಸೀಕೆರೆಯ ನಮ್ಮ ಬೀದಿಯಲ್ಲಿ ಓಡಾಡುತ್ತಿರುವ ಕಥೆ ಇದು. ಕೇಳಲು ಚೆನ್ನಾಗಿದೆ. ಒಬ್ಬ ಕೆಟ್ಟವಳಿದ್ದಾಳೆ, ಒಬ್ಬ ಬಾಯಿಬಡುಕಿ ಇದ್ದಾಳೆ, ನಡುವೆ ಪಾಪದ ಹೆಂಗಸೊಬ್ಬಳಿದ್ದಾಳೆ. ಆದರೆ ಇದರ ಒಂದೊಂದು ಮಾತಿಗೂ ನನ್ನ ಆಕ್ಷೇಪವಿದೆ. ಅಮ್ಮನನ್ನು ಯಾರೂ ಹೊರಗಿಡಲಿಲ್ಲ. ಜಗಳವಾಡಲೆಂದೇ ನಾನು ಹೋದದ್ದು ನಿಜ, ಆದರೆ ಎದುರು ಕಕ್ಷಿಯೇ ಸಿಗಲಿಲ್ಲ. ಇನ್ನು ನಾಚಿಕೆಯ ಮಾತು: ನಮ್ಮಮ್ಮನನ್ನು ಬಲ್ಲವರು ಯಾರೂ ಅದನ್ನು ಹೇಳಲಾರರು.

ಅಮ್ಮನ ಬಲ ಭುಜ ಹಿಡಿದುಕೊಂಡು ವರ್ಷವಾಗುತ್ತ ಬಂದಿತ್ತು. ಕೈ ಎದೆಮಟ್ಟಕ್ಕೆ ಬರುತ್ತಿತ್ತು, ಅಲ್ಲಿಂದ ಮೇಲಕ್ಕಿಲ್ಲ. ಬಿಡದೆ ಆಡಿಸದಿದ್ದರೆ ಹೀಗೇ ಗಟ್ಟಿಯಾಗಿಬಿಡುತ್ತದೆ ಎಂದು ಡಾಕ್ಟರು ಹೇಳಿದ್ದರು. ಅಡುಗೆಮನೆಯಲ್ಲಿ ಎತ್ತರದ ನಾಗಂದಿಗೆಯ ಮೇಲಿದ್ದ ಡಬ್ಬಗಳೆಲ್ಲ ಒಂದೊಂದಾಗಿ ಕೆಳಗಿಳಿದವು, ಬೆಲ್ಲದ ಡಬ್ಬ ಒಂದನ್ನು ಬಿಟ್ಟು. ಅದನ್ನು ಇರುವೆ ಕಾಟಕ್ಕೆ ಮೇಲೇ ಇಡಬೇಕು, ನಾನೇ ಇಳಿಸಿಕೊಡಬೇಕು. ತಲೆ ಬಾಚುವುದೂ ನನ್ನ ಪಾಲಿಗೆ ಬಂತು. ನಾನು ಇಲ್ಲಿನ ಕೋರ್ಟಿನಲ್ಲಿ ಒಬ್ಬ ವಕೀಲರ ಬಳಿ ಜೂನಿಯರ್. ಹೊರಡುವ ಮೊದಲು ಅಮ್ಮ ಹಿತ್ತಲ ಮೆಟ್ಟಿಲ ಮೇಲೆ ಕೂತು ಎಡಗೈಯಿಂದ ಬಾಚಣಿಗೆಯನ್ನು ಹಿಂದಕ್ಕೆ ಚಾಚುವಳು, ನಾನು ಮೇಲಿನ ಮೆಟ್ಟಿಲಲ್ಲಿ ಕೂತು ಸಿಕ್ಕು ಬಿಡಿಸಿ ಜಡೆ ಹಾಕುವೆ. ಅಷ್ಟು ಹೊತ್ತೂ ಅವಳು ಬೀದಿಯ ಸುದ್ದಿ ಹೇಳುವಳು, ನಾನು ಪ್ರತಿಯೊಂದಕ್ಕೂ ಸಾಕ್ಷಿ ಕೇಳುವೆ.

"ಜಡೆ ಹಾಕು ಅಂದ್ರೆ ಪಾಟಿ ಸವಾಲು ಹಾಕ್ತಾಳೆ," ಎಂದು ಬೈಯುವಳು.

ಆಗ ಮಠದ ಸಮುದಾಯ ಭವನದಲ್ಲಿ ಮಹಿಳಾ ಸಮಾಜದವರು ತಿಂಗಳ ಯೋಗದ ಸವಾಲು ಇಟ್ಟರು. ದಿನಾ ಬೆಳಗ್ಗೆ ಬರಬೇಕು, ಒಂದು ದಿನ ತಪ್ಪಿದರೂ ಔಟ್. ಕೊನೆಯವರೆಗೆ ಬಂದವರಿಗೆ ಶಾಲು, ಹಾರ. ನನಗೆ ಯೋಗದ ಮೇಲೆ ನಂಬಿಕೆಯೂ ಇಲ್ಲ, ದ್ವೇಷವೂ ಇಲ್ಲ. ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಯೋಗದ ಪರವಾಗಿ ಮಾತಾಡಿ ಒಂದು ಕಪ್ ಗೆದ್ದಿದ್ದೇನೆ, ವಿರೋಧವಾಗಿ ಮಾತಾಡಿ ಇನ್ನೊಂದು. ಎರಡೂ ಶೋಕೇಸಿನಲ್ಲಿ ಅಕ್ಕಪಕ್ಕ ಕೂತಿವೆ. ಅಮ್ಮನಿಗೆ ಮಾತ್ರ ಹೋಗು ಎಂದೆ.

"ನೀನೂ ಬಂದ್ರೆ ಬತ್ತೀನಿ. ಎಲ್ರೂ ಎರಡೂ ಕೈ ಎತ್ಕಂಡು ನಿಂತಿರ್ತಾರೆ, ನಾನೊಬ್ಳೇ ಒಂದ್ ಕೈ ಎತ್ಕಂಡು ಬಸ್ಸು ನಿಲ್ಸೋಳ ತರ ನಿಂತ್ಕಳ್ಳಾ?"

ಹೀಗೆ ನಾನೂ ಸೇರಿದೆ. ಕಲಿಸುವವರು ಹಳೇಬೀಡಿನ ಶಾಲೆಯಲ್ಲಿ ಡ್ರಿಲ್ ಮಾಸ್ಟರಾಗಿದ್ದು ನಿವೃತ್ತರಾದವರು. ಅವರ ಯೋಗದಲ್ಲೂ ವಿಶಲ್ ಇತ್ತು. ಮದುವೆ ಸೀಸನ್ನಾದ್ದರಿಂದ ನಾವು ಜಮಖಾನದ ಮೇಲೆ ಶವಾಸನದಲ್ಲಿದ್ದರೆ ಹಿಂದಿನಿಂದ ಅಡುಗೆಯವರ ಒಗ್ಗರಣೆ ಘಾಟು ಬಂದು ಶವಗಳೆಲ್ಲ ಒಟ್ಟಿಗೆ ಕೆಮ್ಮುತ್ತಿದ್ದವು. ಒಂದು ದಿನ ಮಾಸ್ಟರು ನನ್ನ ಬೆನ್ನು ನೋಡಿ ನಿಂತರು.

"ಏನಮ್ಮ ಲಾಯರು, ನಮ್ಮ ಹಳೇಬೀಡಿನ ಶಿಲ್ಪ ನೋಡಿದ್ದೀಯಾ? ಕಲ್ಲೇ ಅಷ್ಟು ಬಾಗುತ್ತೆ. ನಿನ್ನ ಸೊಂಟಕ್ಕೇನು ಬಂದಿದೆ?"

"ಕಲ್ಲು ಬಾಗಿಲ್ಲ ಸಾರ್, ಬಾಗಿರೋ ಹಾಗೆ ಕೆತ್ತಿದ್ದಾರೆ. ನನ್ನನ್ನೂ ಕೆತ್ತೋದಾದ್ರೆ ಹೇಳಿ."

"ಇವ್ಳ ನಾಲಗೆ ಒಂದು ಚೆನ್ನಾಗಿ ಬಾಗುತ್ತೆ ಬಿಡಿ ಸಾರ್," ಎಂದಳು ಪಕ್ಕದಲ್ಲಿದ್ದ ಅಮ್ಮ. ಇಡೀ ಭವನ ನಕ್ಕಿತು. ಅವಳ ಬಲಗೈ ಆಗ ಕಿವಿಯ ಹತ್ತಿರ ಇತ್ತು. ನಾನು ಅದನ್ನು ನೋಡಿದೆ. ವಾದಕ್ಕೆ ಬಾರದ ಸಾಕ್ಷಿ ಅದು, ಒಪ್ಪಿಕೊಳ್ಳಲೇಬೇಕು.

ಅದಾಗಿ ಸ್ವಲ್ಪ ದಿನಕ್ಕೆ, ಭವನದಿಂದ ಮನೆಗೆ ಬಂದ ಮೇಲೆ, ಅಮ್ಮ ಮೆಟ್ಟಿಲ ಮೇಲೆ ಕೂತು ಹಲ್ಲು ಕಚ್ಚಿಕೊಂಡು ಎರಡೂ ಕೈ ಹಿಂದಕ್ಕೆ ಒಯ್ದು ತಾನೇ ತುರುಬು ಕಟ್ಟಿಕೊಂಡಳು. ಸೊಟ್ಟ ತುರುಬು, ಆದರೂ ತುರುಬೇ. ನಾನು ಚಪ್ಪಾಳೆ ತಟ್ಟಿದೆ. ಅವಳು ಅಲ್ಲೇ ಕೂತು ಎದುರುಮನೆಯವರ ಸೊಸೆಯ ವಿಷಯ ಏನೋ ತೆಗೆದಳು. "ಆಮೇಲೆ ಹೇಳಮ್ಮ, ಇವತ್ತು ಬೇಗ ಹೋಗಿ ಫೈಲ್ ನೋಡ್ಬೇಕು," ಎಂದು ಎದ್ದೆ. ಮಾರನೆಯ ದಿನವೂ ಬೇಗ ಹೊರಟೆ. ಬೆಳಗಿನ ಸಮಯ ಉಳಿಯಿತಲ್ಲ ಎಂದು ನನಗೆ ಖುಷಿಯೇ ಆಗಿತ್ತು.

ಅಷ್ಟರಲ್ಲಿ ಬಾಣಾವರದಲ್ಲಿ ಅಪ್ಪನ ದಾಯಾದಿಯೊಬ್ಬರು ತೀರಿಕೊಂಡರು. ಅಪ್ಪನಿಗೇ ಅವರ ಮುಖ ಸರಿಯಾಗಿ ನೆನಪಿರಲಿಲ್ಲ. ಹೋಗಿ ಮಣ್ಣು ಮಾಡಿ ಬಂದರು. ಮರುದಿನ ಬೆಳಗ್ಗೆ ನಾನು ಜಮಖಾನ ಸುತ್ತಿಕೊಂಡು ನಿಂತರೆ ಅಮ್ಮ ಹಾಸಿಗೆ ಬಿಟ್ಟೇ ಎದ್ದಿಲ್ಲ.

"ಸೂತಕ ಕಣೇ. ಕಾರ್ಯ ಮುಗಿಯೋಗಂಟ ನಾನು ಬರಂಗಿಲ್ಲ."

"ಲಿಂಗ ಕಟ್ಟಿಕೊಂಡೋರಿಗೆ ಸೂತಕ ಇಲ್ಲ ಅಂತ ಮಠದಲ್ಲಿ ಕೇಳಿಸ್ಕೊಂಡು ಬಂದು ನನಗೆ ಹೇಳಿದ್ದು ಯಾರು? ನೀನೇ."

"ಮಠದಲ್ಲಿ ಹೇಳ್ತಾರೆ. ಮಠದೋರು ನಮ್ಮ ಬೀದೀಲಿ ಸಂಸಾರ ಮಾಡ್ತಾರಾ?"

"ಹಾಗಾದ್ರೆ ನನಗೂ ಸೂತಕ ತಾನೇ?"

"ನೀನು ಯಾವ್ದನ್ನ ನಂಬ್ತೀಯ ಅಂತ ನಿಂಗೆ ಸೂತಕ? ಹೋಗು, ಹೊತ್ತಾಯ್ತು."

ಯಾರೋ ಬರಬೇಡಿ ಎಂದಿರಬೇಕು ಎಂದುಕೊಂಡೆ. ದಾರಿಯುದ್ದಕ್ಕೂ ವಾದ ಸಿದ್ಧಪಡಿಸಿದೆ. ಭವನದ ಬಾಗಿಲಲ್ಲೇ ಸಮಾಜದ ಅಧ್ಯಕ್ಷೆ ಸಿಕ್ಕರು. ಕೊಬ್ಬರಿ ಮಂಡಿಯವರ ಮನೆಯವರು, ಅಮ್ಮನಿಗೆ ಹಳೆಯ ಪರಿಚಯ. ಏರುದನಿಯಲ್ಲಿ ಶುರು ಮಾಡಿದೆ. "ಆಂಟಿ, ಸೂತಕ ಅನ್ನೋದನ್ನ ನಮ್ಮ ಶರಣರು ಎಂದೋ ತಳ್ಳಿಹಾಕಿರುವಾಗ, ಅದೇ ಮಠದ ಭವನದಲ್ಲಿ ಒಬ್ಬ ಹೆಂಗಸನ್ನ..."

"ಅಯ್ಯೋ, ಯಾವ ಸೂತಕ ಕಣಮ್ಮ? ಯಾರು ಬರಬ್ಯಾಡಿ ಅಂದ್ರು? ಕರ್ಕಂಬಾ ಅವ್ರನ್ನ."

ಅಷ್ಟೇ. ಎದುರಾಳಿ ಮೊದಲ ವಾಕ್ಯಕ್ಕೇ ನನ್ನ ಪಕ್ಷಕ್ಕೆ ಬಂದುಬಿಟ್ಟರೆ ಉಳಿದ ವಾದವನ್ನು ಏನು ಮಾಡುವುದು? ಹಿಂದಿನ ಸಾಲಿನವರಿಗೆ ಕೇಳಿಸಿದ್ದು ನನ್ನ ಏರುದನಿ ಮಾತ್ರ. ಬೀದಿಯ ಕಥೆ ಹುಟ್ಟಿದ್ದು ಅಲ್ಲೇ.

ಸಂಜೆ ಅಧ್ಯಕ್ಷೆ ತಾವೇ ಮನೆಗೆ ಬಂದರು. ಒಳಗೆ ಬಂದು ಕೂತು ಕಾಫಿ ಕೇಳಿ ಕುಡಿದರು.

"ಸೂತಕದ ಮನೆ ಕಾಫಿ ಕುಡಿದೀನಿ, ನೋಡಿ. ಏನಾಗೋದಿದ್ರೂ ನಂಗೇ ಆಗ್ಲಿ. ನಾಳೆ ಬನ್ನಿ ಅಕ್ಕಾ."

ಅಮ್ಮ ನಕ್ಕಳು. "ಸೂತಕ ಅಲ್ಲ ಕಣ್ರೀ, ಭುಜ ಯಾಕೋ ಮತ್ತೆ ನೋಯ್ತಾ ಐತೆ."

ನಾನು ಬಾಗಿಲಲ್ಲಿ ನಿಂತಿದ್ದೆ. ಬೆಳಗ್ಗೆ ಸೂತಕ, ಸಂಜೆಗೆ ಭುಜ! ಕೋರ್ಟಿನಲ್ಲಿ ಸಾಕ್ಷಿಯೊಬ್ಬ ಹೀಗೆ ಮಾತು ಬದಲಿಸಿದರೆ ನಮ್ಮ ಸೀನಿಯರ್ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾರೆ, ಖುಷಿಗೆ. ನನಗೆ ಮೈಯೆಲ್ಲ ಉರಿಯಿತು. ನೋವಿದ್ದರೆ ಮಾಸ್ಟರಿಗೆ ಹೇಳೋಣ ಎಂದೆ, ಬೇಡ ಎಂದಳು. ಮನೆಯಲ್ಲೇ ಮಾಡು ಎಂದೆ. ಒಬ್ಬಳಿಗೇ ಬೇಜಾರು ಎಂದಳು. ನಾನು ಜೊತೆಗೆ ಮಾಡುತ್ತೇನೆ ಎಂದರೆ "ನಿಂಗೆಲ್ಲಿ ಪುರಸೊತ್ತು" ಎಂದಳು. ಬಾಣಾವರದ ಕಾರ್ಯ ಮುಗಿದ ಮೇಲೆ ಮಾಸ್ಟರು ಅಮ್ಮನಿಗಾಗಿ ನಿಯಮ ಸಡಿಲಿಸಿದರು, ತಪ್ಪಿದ್ದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂದು ಹೇಳಿ ಕಳಿಸಿದರು. "ಮುರಿದ ಮೇಲೆ ಸವಾಲೇನು ಬಂತು," ಎಂದಳು ಅಮ್ಮ. ಒಂದು ನೆಪವನ್ನು ಬೀಳಿಸುವಷ್ಟರಲ್ಲಿ ಇನ್ನೊಂದು ಎದ್ದು ನಿಲ್ಲುತ್ತಿತ್ತು. ಮತ್ತೆ ಬಾಚಣಿಗೆ ಹಿಂದಕ್ಕೆ ಚಾಚಿಕೊಂಡು ಬಂತು, ಮತ್ತೆ ನಾನು ಮೇಲಿನ ಮೆಟ್ಟಿಲಿಗೆ ಕೂತೆ. ಸಿಟ್ಟಿನಲ್ಲಿ ಬಿಗಿಯಾಗಿ ಎಳೆದರೂ ಅವಳು ಸುದ್ದಿ ಹೇಳುವುದನ್ನು ನಿಲ್ಲಿಸಲಿಲ್ಲ.

ನಾನು ಮಾತ್ರ ಒಂದು ದಿನವೂ ತಪ್ಪಿಸಲಿಲ್ಲ. ಭಕ್ತಿಯಿಂದಲ್ಲ, ಹಟದಿಂದ. ಅವಳಿಗೆ ತೋರಿಸಬೇಕಿತ್ತು. ಸಮಾರೋಪದ ದಿನ ಅಧ್ಯಕ್ಷೆ ನನಗೆ ಶಾಲು ಹೊದಿಸಿ ಮೈಕಿನಲ್ಲಿ, "ಯೋಗ ಅಂದ್ರೆ ಮೂಗು ಮುರೀತಿದ್ದ ಹುಡುಗಿ ನೋಡಿ, ಹೆಂಗೆ ಪಳಗಿದ್ಲು," ಎಂದರು. ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅಮ್ಮ ಕೂತಿದ್ದಳು. ಎಲ್ಲರೂ ಚಪ್ಪಾಳೆ ತಟ್ಟಿದರು, ಅವಳೂ ತಟ್ಟಿದಳು, ಕೈ ಮಡಿಲಲ್ಲಿಟ್ಟುಕೊಂಡೇ. ಯಾರ ಭುಜಕ್ಕಾಗಿ ಹೋದೆನೋ ಆ ಭುಜ ಕೆಳಗೆ ಕೂತಿದೆ, ಶಾಲು ಮಾತ್ರ ನನ್ನ ಭುಜದ ಮೇಲೆ. ಇಂಥ ಗೆಲುವನ್ನು ನಾನು ಯಾವ ಚರ್ಚಾಸ್ಪರ್ಧೆಯಲ್ಲೂ ಕಂಡಿಲ್ಲ. ಅಭ್ಯಾಸ ಬೇರೆ ಅಂಟಿಕೊಂಡುಬಿಟ್ಟಿದೆ. ಈಗಲೂ ದಿನಾ ಬೆಳಗ್ಗೆ ಎದ್ದು ಬಗ್ಗುತ್ತೇನೆ, ಬೈದುಕೊಂಡು.

ಮೊನ್ನೆ ಕೋರ್ಟಿಗೆ ರಜೆ. ಬೆಳಗ್ಗೆ ತಡವಾಗಿ ಎದ್ದು ಅಡುಗೆಮನೆಗೆ ಹೋದರೆ ಒಲೆಯ ಮೇಲೆ ಪಾಯಸ. ಪಕ್ಕದಲ್ಲಿ ಬೆಲ್ಲದ ಡಬ್ಬ. ನಾನು ಇಳಿಸಿಕೊಟ್ಟಿರಲಿಲ್ಲ. ಅಪ್ಪ ತೋಟಕ್ಕೆ ಹೋಗಿ ಎರಡು ದಿನವಾಗಿತ್ತು. ಹತ್ತಿ ನಿಲ್ಲುವ ಸ್ಟೂಲು ನನ್ನ ರೂಮಿನಲ್ಲಿತ್ತು, ಅದರ ಮೇಲೆ ನನ್ನ ಫೈಲುಗಳು ಹಾಗೇ ಇದ್ದವು. ನಾಗಂದಿಗೆಯನ್ನೂ ಡಬ್ಬವನ್ನೂ ನೋಡುತ್ತ ನಿಂತೆ. ಎಡಗೈಯಲ್ಲಿ ಎಳೆದಿರಬಹುದು. ತುಂಬಿದ ಡಬ್ಬ, ಒಂದು ಕೈಗೆ ಭಾರ, ಆದರೂ ಇರಬಹುದು.

ಹಿತ್ತಲಿಗೆ ಬಂದೆ. ಅಮ್ಮ ಮೆಟ್ಟಿಲ ಮೇಲೆ ಕೂದಲು ಬಿಚ್ಚಿಕೊಂಡು ಕೂತಿದ್ದಳು. ಹೆಜ್ಜೆ ಸಪ್ಪಳಕ್ಕೆ ತಿರುಗದೆ ಎಡಗೈಯಿಂದ ಬಾಚಣಿಗೆಯನ್ನು ಹಿಂದಕ್ಕೆ ಚಾಚಿದಳು. "ಎದುರುಮನೆ ಸೊಸೆ ವಿಷ್ಯ, ನಾನೇ ತುರುಬು ಕಟ್ಕಂಡ ದಿನ, ಪೂರ್ತಿ ಕೇಳ್ಲೇ ಇಲ್ಲ ನೀನು," ಎಂದಳು.

ಕೈ ಏಳುತ್ತದೆ ಎಂದರೆ ಇಷ್ಟು ದಿನ ಅವಳು ಹೇಳಿದ್ದೆಲ್ಲ ಸುಳ್ಳು. ಏಳುವುದಿಲ್ಲ ಎಂದರೆ ಅದು ದಿನೇದಿನೇ ಗಟ್ಟಿಯಾಗುತ್ತಿದೆ. ಎರಡರಲ್ಲಿ ಯಾವುದು ನಿಜವಾಗಲಿ ಎಂದು ಬಯಸಬೇಕೋ ನನಗೆ ಗೊತ್ತಾಗಲಿಲ್ಲ. ಮೇಲಿನ ಮೆಟ್ಟಿಲಲ್ಲಿ ಕೂತು ಬಾಚಣಿಗೆ ತೆಗೆದುಕೊಂಡೆ.

"ಅಮ್ಮಾ, ನಿಜ ಹೇಳು. ನಿನ್ನ ಕೈ ಮೇಲೆ ಏಳಲ್ವಾ?"