ಆಫ್ ಮಾಡಬಹುದು ಎಂದು ಪರದೆ ಹೇಳಿತ್ತು

ಸೆಲ್ವಿಯವರೇ, ಆ ಆಯುಧಪೂಜೆಯ ದಿನ ನೀವು ಕಂಪ್ಯೂಟರನ್ನು ಸರಿಯಾಗಿಯೇ ಆಫ್ ಮಾಡಿದ್ದಿರಿ. ತಪ್ಪು ನನ್ನದು. ಅದು ನನಗೆ ಆವತ್ತೇ ಗೊತ್ತಿತ್ತು — ನಿಮ್ಮೆದುರು ನಿಂತಿದ್ದಾಗಲೇ ಗೊತ್ತಿತ್ತು.

ಆಗ ನಾನು ಇಂದಿರಾನಗರದ ಒಂದು ಸಣ್ಣ ಕಂಪನಿಯಲ್ಲಿದ್ದೆ. ಡಿಸ್ಕ್‌ಗಳನ್ನು ನಡೆಸುವ ಕಾರ್ಡಿಗೆ ಡ್ರೈವರ್ ಬರೆಯುವುದು ನನ್ನ ಕೆಲಸ. ಅಂದರೆ ಕಂಪ್ಯೂಟರಿಗೂ ಆ ಕಾರ್ಡಿಗೂ ನಡುವೆ ಮಾತು ಸಾಗಿಸುವ ಪ್ರೋಗ್ರಾಮು. ನೀವು ಸೇವ್ ಮಾಡಿದ್ದು ನೇರ ಡಿಸ್ಕಿಗೆ ಹೋಗುತ್ತಿರಲಿಲ್ಲ. ಸ್ವಲ್ಪ ಹೊತ್ತು ಕಾರ್ಡಿನ ಮೆಮೊರಿಯಲ್ಲಿ ಕೂತಿರುತ್ತಿತ್ತು. ಅಷ್ಟರಲ್ಲಿ ಕರೆಂಟು ಹೋದರೆ ಅದೂ ಹೋಯಿತು. ಅದಕ್ಕೇ ಆಫ್ ಆಗುವ ಮುನ್ನ ಕಂಪ್ಯೂಟರ್ ಒಂದು ಆಜ್ಞೆ ಕೊಡುತ್ತದೆ — ಫ್ಲಶ್. ಇರುವುದನ್ನೆಲ್ಲ ಡಿಸ್ಕಿಗೆ ಬರೆದು ಮುಗಿಸಿ, ಆಮೇಲೆ ಹೇಳು ಎಂದು. ನನ್ನ ಡ್ರೈವರ್ ಆ ಆಜ್ಞೆಯನ್ನು ಕಾರ್ಡಿಗೆ ಕಳಿಸುತ್ತಲೇ ಇರಲಿಲ್ಲ. ಆಯಿತು ಎಂದು ತಾನೇ ಉತ್ತರ ಕೊಟ್ಟುಬಿಡುತ್ತಿತ್ತು.

ಯಾಕೆಂದರೆ ಹಾಗೆ ಮಾಡಿದರೆ ವೇಗ ಹೆಚ್ಚು. ನಮ್ಮ ಲ್ಯಾಬಿನ ಕಾರ್ಡಿಗೆ ಬ್ಯಾಟರಿ ಇತ್ತು, ಕರೆಂಟು ಹೋದರೂ ಮೆಮೊರಿ ಉಳಿಯುತ್ತಿತ್ತು. ಬ್ಯಾಟರಿ ಇದೆಯೋ ಇಲ್ಲವೋ ನೋಡಿಕೊಂಡು ಉತ್ತರ ಕೊಡುವಂತೆ ನಾಲ್ಕು ಸಾಲು ಬರೆಯಬೇಕಿತ್ತು. ಬರೆಯಲಿಲ್ಲ. ಡೆಮೋ ದಿನ ಎಲ್ಲರೂ ಬೆನ್ನು ತಟ್ಟಿದರು, ನಾನು ಉಬ್ಬಿಹೋದೆ. ಬೆನ್ಸನ್ ಟೌನಿನ ನಿಮ್ಮ ರಕ್ತನಿಧಿಗೆ ಬಂದ ಕಾರ್ಡಿಗೆ ಬ್ಯಾಟರಿಯೇ ಇರಲಿಲ್ಲ.

ವರ್ಷವಿಡೀ ಆಫ್ ಆಗದ ಆ ಕಂಪ್ಯೂಟರನ್ನು ನೀವು ಪೂಜೆಗೆಂದು ಆಫ್ ಮಾಡಿದಿರಿ. ಹಿಂದೆಯೇ ಯುಪಿಎಸ್ ಕೂಡ ಆಫ್ ಮಾಡಿ, ಒರೆಸಿ, ಕುಂಕುಮ ಇಟ್ಟಿರಿ. ಮಂಗಳಾರತಿ ಆದಮೇಲೆ ಆನ್ ಮಾಡಿದರೆ ರಕ್ತದಾನಿಗಳ ದಾಖಲೆ ತೆರೆಯಲಿಲ್ಲ. ಯಾವ ಗುಂಪಿನ ರಕ್ತಕ್ಕೆ ಯಾರನ್ನು ಕರೆಯಬೇಕು ಎಂಬುದೆಲ್ಲ ಅದರಲ್ಲೇ ಇತ್ತು. ನನ್ನನ್ನು ಕರೆಸಿದರು.

ರಕ್ತನಿಧಿಯ ಡಾಕ್ಟರು ಕೆಂಡವಾಗಿದ್ದರು. "ಏನಮ್ಮಾ, ಪೂಜೆ ಅರ್ಜೆಂಟಲ್ಲಿ ಹಂಗೇ ಸ್ವಿಚ್ ತೆಗೆದ್ಬಿಟ್ಯಾ?"

"ಇಲ್ಲ ಸಾರ್. ಶಟ್‌ಡೌನ್ ಕೊಟ್ಟೆ. ಈಗ ಆಫ್ ಮಾಡಬಹುದು ಅಂತ ಸ್ಕ್ರೀನಲ್ಲಿ ಬಂತು. ಆಮೇಲೇ ಆಫ್ ಮಾಡಿದ್ದು."

ಡಾಕ್ಟರು ನನ್ನತ್ತ ತಿರುಗಿದರು. ನನಗೆ ಆ ಕ್ಷಣಕ್ಕೇ ಹೊಳೆದಿತ್ತು — ಆ ನಾಲ್ಕು ಸಾಲು. ಬಾಯಿ ಬಿಟ್ಟಿದ್ದರೆ ನನ್ನ ಕೆಲಸ...

"ಹಾಗೆ ಬಂದ್ಮೇಲೆ ಆಫ್ ಮಾಡಿದ್ರೆ ಡೇಟಾ ಹೋಗಲ್ಲ ಸಾರ್" ಎಂದೆ.

ಅಷ್ಟೇ ಅಂದದ್ದು. ನಿಮ್ಮ ಹೆಸರೆತ್ತಲಿಲ್ಲ, ಬೆರಳು ತೋರಿಸಲಿಲ್ಲ — ನನ್ನ ಜಾಣತನ ನೋಡಿ. ನೀವು ನನ್ನ ಮುಖವನ್ನೇ ನೋಡುತ್ತಿದ್ದಿರಿ. ಕಂಪ್ಯೂಟರ್ ಗೊತ್ತಿರುವವನು ಅಲ್ಲಿ ನಾನೊಬ್ಬನೇ. ನಾನು ಕೀಬೋರ್ಡಿನ ಮೇಲಿದ್ದ ಸೇವಂತಿಗೆ ಹೂ ನೋಡುತ್ತಾ ನಿಂತೆ.

ಕೆಲ ದಿನ ಬಿಟ್ಟು ಹೊಸ ಡ್ರೈವರ್ ಹಾಕಲು ಬಂದಾಗ ನಿಮ್ಮ ಕುರ್ಚಿಯಲ್ಲಿ ಬೇರೆ ಯಾರೋ ಇದ್ದರು. ಏನು ಬದಲಾವಣೆ ಎಂದು ಕೇಳಿದರು. ಸಣ್ಣ ಸುಧಾರಣೆ ಎಂದೆ.

ಸುಳ್ಳು ಅಲ್ಲಿಗೇ ಮುಗಿದಿದ್ದರೆ ಇದನ್ನು ಬರೆಯುವ ಧೈರ್ಯ ಬರುತ್ತಿತ್ತೋ ಇಲ್ಲವೋ. ಆದರೆ ಮೊನ್ನೆ, ಇಷ್ಟು ವರ್ಷಗಳ ಮೇಲೆ, ಶಿವಾಜಿನಗರದ ಬಟ್ಟೆ ಅಂಗಡಿಯಲ್ಲಿ ನಿಮ್ಮನ್ನು ಕಂಡೆ. ಪಕ್ಕದಲ್ಲೇ ಕಂಪ್ಯೂಟರ್ ಇತ್ತು. ನೀವು ಮಾತ್ರ ಕೈಯಲ್ಲಿ ಬಿಲ್ ಬರೆಯುತ್ತಿದ್ದಿರಿ. ನನ್ನ ಗುರುತು ಹಿಡಿದು ನಕ್ಕಿರಿ. ಯಾಕೆ ಕೈಯಲ್ಲಿ ಎಂದು ಕೇಳಿದ್ದಕ್ಕೆ ಹೇಳಿದಿರಿ: "ನಂಗೆ ಅದು ಸರಿಯಾಗಿ ಬರಲ್ಲ ಸಾರ್. ಅವತ್ತೂ ನಾನೇ ಎಲ್ಲೋ ತಪ್ಪು ಮಾಡಿರ್ಬೇಕು. ನಂಗೇ ಗೊತ್ತಾಗಿಲ್ಲ."

ನೀವು ನನ್ನ ಮಾತನ್ನು ನಂಬಿಬಿಟ್ಟಿದ್ದಿರಿ. ನಿಮ್ಮ ಕಣ್ಣಾರೆ ಕಂಡದ್ದಕ್ಕಿಂತ ಹೆಚ್ಚಾಗಿ. ಅಲ್ಲೂ ನಾನು ತೆಪ್ಪಗೆ ಚೀಲ ತಗೊಂಡು ಹೊರಟುಬಂದೆ — ಥೂ, ನನ್ನ ಜನ್ಮಕ್ಕೆ.

ಇವತ್ತು ಬೆಳಿಗ್ಗೆ ಡಾಕ್ಟರ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಈ ಪತ್ರವನ್ನು ನಿಮ್ಮ ಕೈಗೆ ನಾನೇ ತಂದುಕೊಡುತ್ತೇನೆ. ನೀವು ಓದಿ ಮುಗಿಸುವವರೆಗೆ ಅಲ್ಲೇ ನಿಂತಿರುತ್ತೇನೆ. ಕ್ಷಮೆ ಕೇಳುವ ಮುಖ ನನಗಿಲ್ಲ. ಒಂದು ಮಾತು ಮಾತ್ರ ನನ್ನಿಂದಲೇ ನಿಮಗೆ ತಲುಪಬೇಕು: ನಿಮಗೆ ಕಂಪ್ಯೂಟರ್ ಚೆನ್ನಾಗಿಯೇ ಬರುತ್ತಿತ್ತು.