ಒಂದೇ ಸೀಟಿಗೆ ಎರಡು ಟವೆಲ್

ರೇಷ್ಮಾ, ನೀನು ಆ ವೈರ್ ಮುಟ್ಟಿರಲಿಲ್ಲ. ತಪ್ಪು ನನ್ನದು. ಅದು ನನಗೆ ಗೊತ್ತಿತ್ತು — ಸಿಂದಗಿಯ ಬೇಳೆ ಮಿಲ್ಲಿನಲ್ಲಿ ನಿನ್ನನ್ನು ಕೆಲಸ ಬಿಡಿಸಿದ ಆ ಸಂಜೆಯೇ ಗೊತ್ತಾಗಿತ್ತು.

ಆಲಮೇಲದ ಬಸ್ಸಿಗೆ ನೀನೂ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದವಳೇ. ಒಂದೇ ಸೀಟಿಗೆ ಇಬ್ಬರು ಟವೆಲ್ ಹಾಕಿದರೆ ಜಗಳ, ಕೊನೆಗೆ ಒಬ್ಬರು ನಿಲ್ಲಬೇಕು. ನೆಟ್‌ವರ್ಕಿನಲ್ಲೂ ಹಾಗೆಯೇ. ಪ್ರತಿ ಯಂತ್ರಕ್ಕೂ ಐಪಿ ಅಡ್ರೆಸ್ ಎಂಬ ಅದರದೇ ನಂಬರ್ ಬೇಕು. ಮಿಲ್ಲಿನಲ್ಲಿ ನೀನು ಬಿಲ್ ಮಾಡುತ್ತಿದ್ದ ಕಂಪ್ಯೂಟರಿಗೆ ನಾನು ಕೊಟ್ಟ ನಂಬರಿನ ಕೊನೆಗೆ ಇಪ್ಪತ್ತು. ಮುಂದೆ ಗೋದಾಮಿಗೆ ಕ್ಯಾಮೆರಾ ಹಾಕಿದಾಗ ಅದಕ್ಕೂ ಇಪ್ಪತ್ತೇ ಕೊಟ್ಟೆ. ಏಳನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು. ಇಂಡಿ, ಮುದ್ದೇಬಿಹಾಳ, ಬಾಗೇವಾಡಿಯಲ್ಲಿ ನಾನು ನೆಟ್ ಹಾಕಿದ ಅಂಗಡಿಗಳ ನಂಬರೆಲ್ಲ ತಲೆಯಲ್ಲೇ ಇವೆ ಎಂದು ಮೀಸೆ ತಿರುವುತ್ತಿದ್ದೆ. ಒಮ್ಮೆ ತಾಳೆ ನೋಡಿ ಹಾಕುವುದು — ಅದು ನನಗೆ ಅವಮಾನ.

ಗೋದಾಮಿನ ಕರೆಂಟ್ ಸ್ವಿಚ್ ಹಾಕಿದಾಗೆಲ್ಲ ಕ್ಯಾಮೆರಾ ಏಳುತ್ತಿತ್ತು, ನಿನ್ನ ಕಂಪ್ಯೂಟರ್ ಲೈನಿನಿಂದ ಬೀಳುತ್ತಿತ್ತು. ಬಿಲ್ ಬಾರದೆ ಲಾರಿಯವರು ನಿನ್ನನ್ನು ಬಯ್ಯುತ್ತಿದ್ದರು. ಒಂದು ದಿನ ಮಿಲ್ಲಿನ ಸಾವಕಾರರು ನಿನ್ನೆದುರಿಗೇ ಕೇಳಿದರು: “ಎಲ್ಲಿ ತಪ್ಪೈತ್ರಿ, ಇಂಜಿನಿಯರ್ರ?”

ಇಂಜಿನಿಯರ್ — ಆ ಒಂದು ಮಾತು ಸಾಕಾಯಿತು. ಗೊತ್ತಿಲ್ಲ ಎನ್ನಲು ನಾಲಿಗೆ ಏಳಲಿಲ್ಲ.

“ಕುಂತವ್ರು ವೈರ್ ಜಗ್ಗಾಡ್ತಾರ್ರಿ,” ಎಂದುಬಿಟ್ಟೆ.

“ನಾ ವೈರಿಗೆ ಕೈ ಹಚ್ಚಿಲ್ರಿ. ಅಣ್ಣಾರ, ಇನ್ನೊಮ್ಮೆ ನೋಡಿ ಹೇಳ್ರಿ,” ಎಂದೆ ನೀನು.

ಸಾವಕಾರರು ನಕ್ಕರು. “ಹತ್ತೂರಾಗ ನೆಟ್ ಹಾಕಿದವ್ರಿಗೆ ನೀ ಕಲಸ್ತೀಯೇನವಾ? ನಾಳಿಂದ ಬರಬ್ಯಾಡ.”

ಆ ಸಂಜೆ ಗೋದಾಮಿನ ಕ್ಯಾಮೆರಾ ಒರೆಸಲು ಹೋದವನು ಮೊಬೈಲಿನಲ್ಲಿ ಅದರ ನಂಬರ್ ನೋಡಿದೆ. ಇಪ್ಪತ್ತು. ನೀನು ಇನ್ನೂ ಗೇಟಿನ ಹೊರಗೆ, ಬುತ್ತಿಯ ಡಬ್ಬಿ ಹಿಡಿದು ಬಸ್ಸಿಗೆ ನಿಂತಿದ್ದೆ. ಕೂಗಿದ್ದರೆ ಕೇಳಿಸುತ್ತಿತ್ತು. ಕೂಗಲಿಲ್ಲ — ಕ್ಯಾಮೆರಾದ ನಂಬರ್ ಬದಲಿಸಿ ಏಣಿ ಇಳಿದು ಬಂದೆ.

ಮರುದಿನದಿಂದ ಎಲ್ಲ ಸುಸೂತ್ರ. ನಾನು ಕದ್ದು ಮಾಡಿದ ಆ ರಿಪೇರಿಯೇ ನಿನ್ನ ಮೇಲೆ ಸಾಕ್ಷಿ ಹೇಳಿತು. “ಆಕಿ ಹೋದ್ಲು, ಕಾಟ ಹೋತು. ನಿಮ್ಮ ಮಾತು ಖರೇ ಆತ್ ನೋಡ್ರಿ,” ಎಂದರು ಸಾವಕಾರರು. ಪೇಟೆಯ ಯಾವ ಅಂಗಡಿಯವರೂ ಮತ್ತೆ ನಿನಗೆ ಕಂಪ್ಯೂಟರ್ ಕೆಲಸ ಕೊಡಲಿಲ್ಲವಂತೆ.

ನನ್ನನ್ನು ಮಾತ್ರ ಸಾವಕಾರರು ಇಂದಿಗೂ ಮಿಲ್ಲಿಗೆ ಕರೆಯುತ್ತಾರೆ. ನಿನ್ನ ಕುರ್ಚಿಯಲ್ಲೇ ಕೂಡಿಸಿ ಚಹಾ ಕೊಡುತ್ತಾರೆ. ಹೊಸಬರಿಗೆ ನಿನ್ನ ಕಥೆ ಹೇಳಿ, “ಬೇಕಾದ್ರ ಇವ್ರನ್ನ ಕೇಳ್ರಿ” ಅನ್ನುತ್ತಾರೆ. ನಾನು ತಲೆಯಾಡಿಸುತ್ತೇನೆ. ಏಳಲಾರೆ, ಕೂರಲಾರೆ... ತಲೆ ಆಡಿಸಿದಷ್ಟೂ ಕೊರಳ ಕುಣಿಕೆ ಬಿಗಿಯುತ್ತದೆ. ಹಗ್ಗ ಹೊಸೆದವನು ನಾನೇ.

ಸೋಮವಾರ ಮಿಲ್ಲಿಗೆ ಹೋಗುತ್ತೇನೆ. ಸಾವಕಾರರನ್ನು ನಿನ್ನ ಕುರ್ಚಿಯಲ್ಲಿ ಕೂಡಿಸಿ, ಕ್ಯಾಮೆರಾಕ್ಕೆ ಮತ್ತೆ ಇಪ್ಪತ್ತನ್ನೇ ಕೊಟ್ಟು, ಗೋದಾಮಿನ ಸ್ವಿಚ್ ಹಾಕುತ್ತೇನೆ. ಅವರ ಕಣ್ಣೆದುರೇ ಕಂಪ್ಯೂಟರ್ ಲೈನಿನಿಂದ ಬೀಳಲಿ.

ಆಗ ವೈರಿನ ಹತ್ತಿರ ಯಾರ ಕೈಯೂ ಇರುವುದಿಲ್ಲ.